ತಿರುವಿ ಹಾಕಿದ ತುಟಿ

ಸಿರುಗುಪ್ಪದಲ್ಲಿ ಫೋಟೋ ಸ್ಟುಡಿಯೋಗಳಿಗೇನೂ ಬರವಿಲ್ಲ. ಆದರೂ ವರನ ಕಡೆಯವರಿಗೆ ಕಳಿಸುವ ಫೋಟೋ ಬೇಕೆಂದರೆ ಜನ ಬಂದು ನಿಲ್ಲುವುದು ಶಾಕೀರನ ಅಂಗಡಿಯ ಮುಂದೆಯೇ. ಕ್ಯಾಮೆರಾ ಎಲ್ಲರ ಹತ್ತಿರವೂ ಒಂದೇ ನಮೂನೆಯದು. ಕೈ ಮಾತ್ರ ಶಾಕೀರನದು. ಮೊಡವೆ, ಸುಟ್ಟ ಕಲೆ, ಉಬ್ಬುಹಲ್ಲು, ಕಣ್ಣಿನ ಕೆಳಗಿನ ಕಪ್ಪು, ಏನಿದ್ದರೂ ಹತ್ತು ನಿಮಿಷದಲ್ಲಿ ಇಲ್ಲವೆನಿಸಿ ಕಳಿಸುತ್ತಿದ್ದ. ಅವನ ಅಪ್ಪ ಲಾಲಸಾಬ್ ಕಪ್ಪು-ಬಿಳುಪಿನ ಕಾಲದಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಜನರ ಸಿಡುಬಿನ ಕಲೆ ಮುಚ್ಚುತ್ತಿದ್ದ. "ಬಂದ ಮುಖ ದೇವರದು, ಕೊಡೋ ಮುಖ ನಮ್ದು" ಎಂಬುದು ಆ ಮುದುಕನ ಮಾತು. ಮಗ ಅದನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದ, ಗಿರಾಕಿ ಕೇಳದಿದ್ದರೂ ಪಾಲಿಸುತ್ತಿದ್ದ. ಕೇಳದೆ ಮಾಡುವ ಉಪಕಾರದಷ್ಟು ಅಪಾಯದ್ದು ಲೋಕದಲ್ಲಿ ಮತ್ತೊಂದಿಲ್ಲ ಎಂದು ಈ ನಲವತ್ತೆರಡು ವರ್ಷದಲ್ಲಿ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಜನವರಿ ಕೊನೆಯಲ್ಲಿ ದೇಶನೂರಿನ ಹುಲುಗಮ್ಮ ತನ್ನ ಐದೂವರೆ ವರ್ಷದ ಮಗಳು ಅನುಷಾಳನ್ನು ಕರೆದುಕೊಂಡು ಅಂಗಡಿಗೆ ಬಂದಳು. ಹುಡುಗಿ ಸೀಳುತುಟಿಯೊಂದಿಗೆ ಹುಟ್ಟಿದವಳು. ಆರು ತಿಂಗಳ ಕೂಸಿದ್ದಾಗ ಬಳ್ಳಾರಿಯ ಒಂದು ಧರ್ಮಾಸ್ಪತ್ರೆಯಲ್ಲಿ ತುಟಿ ಕೂಡಿಸಿ ಹೊಲಿದಿದ್ದರು. ಆಗ ಚೆನ್ನಾಗಿಯೇ ಕೂಡಿತ್ತು. ಆದರೆ ವರ್ಷ ಕಳೆದ ಹಾಗೆ ಮುಖ ಬೆಳೆಯಿತು, ಹೊಲಿಗೆಯ ಗೆರೆ ಬೆಳೆಯಲಿಲ್ಲ. ಎಡಗಡೆಯ ತುಟಿ ಮೇಲಕ್ಕೆ ಜಗ್ಗಿಕೊಂಡಿತು, ಅದರ ಮೇಲಿನ ಮೂಗಿನ ಹೊಳ್ಳೆ ಚಪ್ಪಟೆಯಾಯಿತು. ಬಾಯಿ ಎಷ್ಟು ಬಿಗಿದು ಮುಚ್ಚಿದರೂ ಆ ಮೂಲೆಯಲ್ಲಿ ಒಂದು ಸಂದು ಉಳಿಯುತ್ತಿತ್ತು. ಗಂಜಿ, ಹಾಲು, ಸಾರು, ಏನು ಕುಡಿದರೂ ಅಲ್ಲಿಂದ ಸೋರುತ್ತಿತ್ತು. ಅಂಗನವಾಡಿಯಲ್ಲಿ ಉಳಿದ ಮಕ್ಕಳು ಅವಳ ಪಕ್ಕದಲ್ಲಿ ತಟ್ಟೆ ಇಟ್ಟುಕೊಳ್ಳುತ್ತಿರಲಿಲ್ಲ. ಜೂನಿನಲ್ಲಿ ಅವಳು ಶಾಲೆಗೆ ಹೋಗಬೇಕು, ಅಲ್ಲಿ ಮಧ್ಯಾಹ್ನ ನೂರು ಮಕ್ಕಳ ಸಾಲಿನಲ್ಲಿ ಕೂತು ಉಣ್ಣಬೇಕು. ಅಷ್ಟರೊಳಗೆ ಎರಡನೇ ಆಪರೇಷನ್ ಆಗಿಬಿಡಲಿ ಎಂಬುದೊಂದೇ ಹುಲುಗಮ್ಮನ ಆಸೆ.

ಆ ಆಪರೇಷನ್ ಮಾಡಲು ವರ್ಷಕ್ಕೊಮ್ಮೆ ಹೊರಗಿನ ಡಾಕ್ಟರುಗಳ ತಂಡ ಬಳ್ಳಾರಿಯ ಅದೇ ಆಸ್ಪತ್ರೆಗೆ ಬರುತ್ತಿತ್ತು. ಯಾವ ಮಗುವಿಗೆ ಬೇಕು, ಯಾವ ಮಗುವಿಗೆ ಬೇಡ ಎಂದು ಆಸ್ಪತ್ರೆಯವರು ಫೋಟೋ ನೋಡಿ ಮೊದಲೇ ಪಟ್ಟಿ ಮಾಡುತ್ತಿದ್ದರು. ಪ್ರತಿ ಸಲ ಆಸ್ಪತ್ರೆಯ ಕಾರ್ಯಕರ್ತೆ ವಿಜಯಲಕ್ಷ್ಮಿ ಊರೂರಿಗೆ ಬಂದು ಆ ಫೋಟೋಗಳನ್ನು ತಾನೇ ತೆಗೆದುಕೊಂಡು ಹೋಗುವವಳು. ಈ ಸಲ ಅವಳ ಟ್ಯಾಬ್ ಕೆಟ್ಟು ರಿಪೇರಿಗೆ ಹೋಗಿತ್ತು. ಸ್ಟುಡಿಯೋದಲ್ಲಿ ತೆಗೆಸಿ ಕಳಿಸಿ ಎಂದು ಹುಲುಗಮ್ಮನ ಕೈಗೆ ಒಂದು ಚೀಟಿ ಕೊಟ್ಟಿದ್ದಳು. ಎದುರಿನಿಂದ ಒಂದು, ಮೂಗಿನ ಹೊಳ್ಳೆ ಕಾಣುವಂತೆ ಕೆಳಗಿನಿಂದ ಒಂದು, ಎಡ ಬಲ ಒಂದೊಂದು. ಮಗು ನಗಬಾರದು. ಹಣೆಯ ಮೇಲೆ ಆಸ್ಪತ್ರೆ ಕೊಟ್ಟ ನೀಲಿ ಸ್ಟಿಕ್ಕರ್ ಅಂಟಿಸಿರಬೇಕು. ಇಷ್ಟು ಬರೆದಿತ್ತು. ಟಚಪ್ ಮಾಡಬಾರದು ಎಂದು ಬರೆದಿರಲಿಲ್ಲ. ಹಾಗೆ ಬರೆಯಬೇಕೆಂದು ಯಾರಿಗೆ ತಾನೆ ಹೊಳೆದೀತು?

ಅನುಷಾ ಸ್ಟಿಕ್ಕರನ್ನು ಹೊಸ ನಮೂನೆಯ ಬೊಟ್ಟು ಎಂದುಕೊಂಡು ಖುಷಿಯಲ್ಲಿದ್ದಳು. ನಗಬೇಡ ಎಂದಷ್ಟೂ ನಗು ಬರುತ್ತಿತ್ತು. ಅಂತೂ ನಾಲ್ಕು ಫೋಟೋ ಮುಗಿದ ಮೇಲೆ ಶಾಕೀರ್ ಅವಳನ್ನು ಕಂಪ್ಯೂಟರಿನ ಮುಂದೆ ಸ್ಟೂಲಿನ ಮೇಲೆ ಕೂರಿಸಿ, "ನೋಡವ್ವ, ನೀನೇ" ಎಂದು ಪರದೆಯ ತುಂಬ ಅವಳ ಮುಖ ದೊಡ್ಡದು ಮಾಡಿ ತೋರಿಸಿದ. ಹುಡುಗಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೈ ಚಾಚಿ ಪರದೆಯ ಮೇಲಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ, ಉಳಿದ ಮುಖವನ್ನು ನೋಡುತ್ತ ಕೂತಳು. ಶಾಕೀರನಿಗೆ ಕರುಳು ಚುರ್ ಎಂದಿತು.

ಆ ಕರುಳೇ ಅವನ ಕೈಲಿ ಕೆಲಸ ಮಾಡಿಸಿತು. ತಾಯಿ-ಮಗಳು ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ, ಸರಿಯಿದ್ದ ಬಲಗಡೆಯ ತುಟಿಯನ್ನು ಕತ್ತರಿಸಿ, ಕನ್ನಡಿಯಲ್ಲಿ ಕಂಡ ಹಾಗೆ ತಿರುವಿ, ಎಡಗಡೆಗೆ ಕೂರಿಸಿದ. ಮೂಗಿನ ಹೊಳ್ಳೆಗೂ, ಉಳಿದ ಮೂರು ಫೋಟೋಗಳಿಗೂ ಅದೇ ಉಪಚಾರ. ಗೆರೆ ಕಾಣದಂತೆ ಚರ್ಮದ ಬಣ್ಣ ಸವರಿದ. ಒಂದು ಗಲ್ಲ ಊದಿಕೊಂಡು ಬಂದ ಮದುಮಗನಿಗೆ ಇನ್ನೊಂದು ಗಲ್ಲವನ್ನು ತಿರುವಿ ಹಾಕುವುದು ಅವನ ಕಸುಬಿನಲ್ಲಿ ದಿನದ ಮಾತು. ಆಸ್ಪತ್ರೆಯವರು ಇದನ್ನು ಯಾವುದೋ ಪುಸ್ತಕದಲ್ಲಿ ಹಾಕಿಕೊಳ್ಳುತ್ತಾರೆ, ಗೋಡೆಗೆ ಅಂಟಿಸುತ್ತಾರೆ, ಹುಡುಗಿ ಚೆಂದ ಕಾಣಲಿ ಎಂದಷ್ಟೇ ಅವನ ತಲೆಯಲ್ಲಿದ್ದದ್ದು. ಹುಲುಗಮ್ಮ ಫೋಟೋ ನೋಡಿ, "ಭಾಳ ಚೆಂದ ಬಂದೈತಣ್ಣ" ಎಂದಳು. ಸ್ಟುಡಿಯೋದಲ್ಲಿ ತೆಗೆಸಿದರೆ ಯಾರ ಮುಖವಾದರೂ ಮನೆಯಲ್ಲಿರುವುದಕ್ಕಿಂತ ಚೆಂದ ಬರುತ್ತದೆ ಎಂಬುದು ಆ ಸೀಮೆಗೆಲ್ಲ ಗೊತ್ತಿದ್ದ ಸಂಗತಿ. ಅವಳು ಅದರಲ್ಲಿ ಬೇರೇನೂ ಹುಡುಕಲಿಲ್ಲ. ಅಲ್ಲಿಂದಲೇ ಆಸ್ಪತ್ರೆಗೆ ಕಳಿಸಿದರು.

ಹದಿನೈದು ದಿನ ಕಳೆದು ಒಂದು ಶುಕ್ರವಾರ, ಶಾಕೀರ್ ಜುಮ್ಮಾ ನಮಾಜಿಗೆಂದು ಅಂಗಡಿಯ ಶಟರ್ ಎಳೆಯುವ ಹೊತ್ತಿಗೆ ಹುಲುಗಮ್ಮ ಸಕ್ಕರೆಯ ಪೊಟ್ಟಣ ಹಿಡಿದುಕೊಂಡು ಬಂದಳು.

"ತಗೋ ಅಣ್ಣ, ಬಾಯಿ ಸಿಹಿ ಮಾಡ್ಕೊ. ನಮ್ಮ ಅನುಷಾಗ ತೊಂಬತ್ತಾರು ಬಂದೈತಿ" ಎಂದಳು.

"ಯಾವ ಪರೀಕ್ಷಿದಾಗ? ಇನ್ನಾ ಸಾಲಿಗೇ ಹೋಗಿಲ್ಲಲ್ಲ ಆಕಿ" ಎಂದು ಶಾಕೀರ್ ನಕ್ಕ.

"ತುಟಿ ಪರೀಕ್ಷಿದಾಗ. ಆಸ್ಪತ್ರಿದಾಗ ಮಿಷಿನ್ನು ಮುಖ ಅಳತಿ ಮಾಡ್ತೈತಂತ. ಎಂಬತ್ತಕ್ಕಿಂತ ಕಮ್ಮಿ ಬಂದ್ರ ಆಪರೇಷನ್ನು, ಮ್ಯಾಲ ಬಂದ್ರ ಬ್ಯಾಡ. ನಮ್ಮಾಕಿ ತುಟಿ ಸರಿ ಐತಂತ. ಪಟ್ಟಿದಾಗ ಹೆಸರು ಹಾಕಿಲ್ಲ."

ಅವಳು ಫೋನು ಚಾಚಿದಳು. ಅದರಲ್ಲಿ ಶಾಕೀರ್ ಕಳಿಸಿದ ಅದೇ ಫೋಟೋ ಇತ್ತು. ಹುಬ್ಬುಗಳ ನಡುವಿನಿಂದ ಗದ್ದದವರೆಗೆ ಒಂದು ಗೆರೆ ಎಳೆದಿದ್ದರು. ತುಟಿಯ ಎರಡು ಮೂಲೆಗೆ, ಮೇಲಿನ ಏರಿಳಿತಕ್ಕೆ, ಎರಡು ಹೊಳ್ಳೆಗೆ ಚುಕ್ಕಿ ಇಟ್ಟು, ಹಣೆಯ ಸ್ಟಿಕ್ಕರನ್ನೇ ಅಳತೆಗೋಲು ಮಾಡಿ, ಎಡದ್ದು ಇಷ್ಟು, ಬಲದ್ದು ಇಷ್ಟು ಎಂದು ಮಿಲಿಮೀಟರಿನಲ್ಲಿ ಲೆಕ್ಕ ಹಾಕಿದ್ದರು. ಎರಡು ಕಡೆಯ ಅಂಕಿಗಳೂ ಹೆಚ್ಚುಕಡಿಮೆ ಒಂದೇ. ಶಾಕೀರ್ ಅಂಕಿಗಳನ್ನು ಎರಡೆರಡು ಸಲ ಓದಿದ. ಮಿಷಿನ್ನು ಅಳೆದದ್ದು ಹುಡುಗಿಯ ತುಟಿಯನ್ನಲ್ಲ, ತನ್ನ ಕೈಕೆಲಸವನ್ನು.

ಹುಲುಗಮ್ಮ ದನಿ ಸಣ್ಣದು ಮಾಡಿಕೊಂಡು, "ಒಂದು ಮಾತು ಅಣ್ಣ. ಗಂಜಿ ಮಾತ್ರ ಇನ್ನಾ ಸೋರ್ತೈತಿ. ಹಂಗಂತ ಆಸ್ಪತ್ರಿಗೆ ಫೋನ್ ಹಚ್ಚಿ ಕೇಳ್ಬೇಕು ಅನ್ಕೊಂಡೆ. ಆಮ್ಯಾಲ ಬ್ಯಾಡ ಅನ್ಸಿತು. ಅಷ್ಟು ದೊಡ್ಡ ಮಿಷಿನ್ನು ಸರಿ ಐತಿ ಅಂದ ಮ್ಯಾಲ ನಂದೇ ದುರಾಸಿ ಅಂತಾರ" ಎಂದಳು.

ಹೇಳಬೇಕಾದ ಹೊತ್ತು ಅದೇ ಆಗಿತ್ತು. ಎದುರಿಗೆ ಅವಳಿದ್ದಳು, ಕೈಯಲ್ಲಿ ಫೋನಿತ್ತು, ಆಸ್ಪತ್ರೆಯ ನಂಬರಿತ್ತು. ಎರಡು ಮಾತು ಆಡಿದ್ದರೆ ಸಾಕಿತ್ತು. ಆದರೆ ಶಾಕೀರ್, "ನಮಾಜಿಗೆ ಹೊತ್ತಾತು ಹುಲುಗಮ್ಮ" ಎಂದು ಸಕ್ಕರೆ ಪೊಟ್ಟಣ ಇಸಿದುಕೊಂಡು ಶಟರ್ ಎಳೆದ. ಮಸೀದಿಯಲ್ಲಿ ಆ ದಿನ ಅವನು ಏನು ಬೇಡಿಕೊಂಡನೋ ಅವನಿಗೇ ತಿಳಿಯದು.

ಶನಿವಾರ ತೆಕ್ಕಲಕೋಟೆಯಲ್ಲಿ ಒಂದು ಮದುವೆ, ಭಾನುವಾರ ಅದೇ ಮದುವೆಯ ಆರತಕ್ಷತೆ. ಮುಗಿಯಲಿ, ಆಮೇಲೆ ಹೇಳೋಣ ಎಂದು ತನಗೆ ತಾನೇ ವಾಯಿದೆ ಹಾಕಿಕೊಂಡ. ಮದುಮಗಳ ಸೆರಗು ಸರಿಪಡಿಸಿ ಕ್ಯಾಮೆರಾ ಕಣ್ಣಿಗೆ ಹಿಡಿದರೆ ಆ ಚುಕ್ಕಿಗಳೇ ಕಾಣುತ್ತಿದ್ದವು. ಯಾರಿಗೂ ಹೇಳದೆ ಇದ್ದರೆ ಏನಾದೀತು ಎಂದೂ ಒಂದು ಸಲ ಯೋಚಿಸಿದ, ಇಲ್ಲವೆಂದು ಯಾಕೆ ಸುಳ್ಳು ಹೇಳಬೇಕು. ಆಪರೇಷನ್ ಅಂದರೆ ಸುಮ್ಮನೆಯೇ, ಮಗು ಅತ್ತು ಒದ್ದಾಡುತ್ತದೆ, ತಪ್ಪಿದ್ದು ಒಳ್ಳೆಯದೇ ಆಯಿತೇನೋ ಎಂದೂ ಹೇಳಿಕೊಂಡ. ಭಾನುವಾರ ಸಂಜೆ ಹೆಂಡತಿ ಅಸ್ಮಾಳ ಮುಂದೆ ಎಲ್ಲವನ್ನೂ ಹೇಳಿದಾಗ ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ. "ನೀವು ಹೇಳ್ತೀರೋ, ನಾ ದೇಶನೂರಿಗೆ ಹೋಗ್ಲೋ?" ಎಂದಳು, ಅಷ್ಟೇ.

ಸೋಮವಾರ ಬೆಳಿಗ್ಗೆ ವಿಜಯಲಕ್ಷ್ಮಿಗೆ ಫೋನು ಹಚ್ಚಿದರೆ ಎತ್ತಲಿಲ್ಲ. ಕುರುಗೋಡಿನಲ್ಲಿ ಕ್ಯಾಂಪ್ ಇದೆ, ಅಲ್ಲಿ ಸಿಗುತ್ತಾಳೆ ಎಂದು ಆಸ್ಪತ್ರೆಯ ನಂಬರಿನವರು ಹೇಳಿದರು. ಶಾಕೀರ್ ಬೈಕು ಹತ್ತಿದ. ಕುರುಗೋಡಿನ ಸಮುದಾಯ ಭವನದಲ್ಲಿ ಚಾಪೆ ಹಾಸಿ ಆಕೆ ಸಣ್ಣ ಕೂಸುಗಳ ತೂಕ ನೋಡುತ್ತಿದ್ದಳು. ಐವತ್ತರ ಹೆಂಗಸು, ಕನ್ನಡಕ ತಲೆಯ ಮೇಲೆ ಏರಿಸಿಕೊಂಡಿದ್ದಳು.

"ಮೇಡಂ, ದೇಶನೂರಿನ ಅನುಷಾ ಫೋಟೋ ತೆಗೆದವ ನಾನು" ಎಂದ.

"ಓ, ನೀವಾ? ಬೆಳಕು ಭಾಳ ಚಲೋ ಬಂದೈತಿ ಅಂತ ಆಸ್ಪತ್ರಿದಾಗ ಹೊಗಳಿದ್ರು" ಎಂದಳು.

ಹೊಗಳಿಕೆ ಕೆನ್ನೆಗೆ ಬಾರಿಸಿದ ಹಾಗಿತ್ತು. ಶಾಕೀರ್ ಫೋನಿನಲ್ಲಿ ಮೊದಲು ತೆಗೆದದ್ದನ್ನೂ ತಾನು ತಿದ್ದಿದ್ದನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ. ವಿಜಯಲಕ್ಷ್ಮಿ ಕನ್ನಡಕ ಇಳಿಸಿ ನೋಡಿದಳು. ಕೂಸನ್ನು ಅದರ ತಾಯಿಯ ಕೈಗೆ ಕೊಟ್ಟು ಚಾಪೆಯ ಮೇಲೆ ಕೂತುಬಿಟ್ಟಳು.

"ಏನ್ರಿ ಇದು? ಏನ್ ಮಾಡಿ ಕುಂತೀರಿ?"

"ಚೆಂದ ಕಾಣ್ಲಿ ಅಂತ ಮಾಡಿದೆ ಮೇಡಂ. ಅಳತಿ ಮಾಡ್ತಾರ ಅಂತ ನನಗ ಗೊತ್ತಿರಲಿಲ್ಲ."

"ಎಡಕ್ಕೂ ಬಲಕ್ಕೂ ಎಷ್ಟು ಫರಕು ಐತಿ ಅನ್ನೋದನ್ನs ಮಿಷಿನ್ ನೋಡೋದು. ನೀವು ಬಲಗಡಿದನ್ನ ತಂದು ಎಡಕ್ಕ ಇಟ್ರ ಫರಕು ಎಲ್ಲಿಂದ ಬರ್ಬೇಕು?" ಎಂದು ಅವಳು ಹಣೆ ಒತ್ತಿಕೊಂಡಳು. "ನನಗಾದ್ರೂ ಅನುಮಾನ ಬರಬೇಕಿತ್ತು. ಹುಟ್ಟಾ ಸರಿ ಇರೋ ಮಕ್ಕಳಿಗೂ ತೊಂಬತ್ತಾರು ಬರಂಗಿಲ್ಲ. ಎಲ್ಲಾರ ಮುಖಾನೂ ಒಂದೀಟು ಸೊಟ್ಟನs ಇರ್ತೈತಿ. ಟ್ಯಾಬ್ ಇಲ್ಲ ಅಂತ ಹುಲುಗಮ್ಮನ್ನ ಸ್ಟುಡಿಯೋಕ್ಕ ಕಳಿಸಿದಾಕಿ ನಾನು. ಯಾರಿಗಂತ ಬೈಯಲಿ?"

ಆಕೆ ಬಳ್ಳಾರಿಗೆ ಫೋನು ಮಾಡಿದಳು. ಬಹಳ ಹೊತ್ತು ಹೂಂ, ಹೌದ್ರಿ, ಹೌದ್ರಿ ಎಂದಳು. ಕೊನೆಗೆ ಶಾಕೀರನ ಕಡೆ ತಿರುಗಿ, "ಆಪರೇಷನ್ ಇವತ್ತ ಶುರು ಆಗ್ಯಾವ. ನಾಳಿಗೆ ಮುಗೀತಾವ. ತಂಡದವ್ರು ನಾಡಿದ್ದು ಹೊಂಟ್ರು. ಹುಡುಗೀನ ನಾಳಿ ಮುಂಜಾನಿ ಎಂಟಕ್ಕ ತಂದು ಕುಂದ್ರಸ್ರಿ. ಏನೂ ತಿನ್ನಿಸಬ್ಯಾಡ್ರಿ, ನೀರೂ ಕುಡಸಬ್ಯಾಡ್ರಿ. ಯಾರಾದ್ರೂ ತಪ್ಪಿದ್ರ ನೋಡೂಣು ಅಂದಾರ. ಖಾತ್ರಿ ಇಲ್ಲ" ಎಂದಳು.

ಅಲ್ಲಿಂದ ದೇಶನೂರಿಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಎರಡನೇ ಬೆಳೆಯ ನಾಟಿ ನಡೆದಿತ್ತು. ಹುಲುಗಮ್ಮ ಗದ್ದೆಯಿಂದ ಬಂದು ಕಾಲಿನ ಕೆಸರು ತೊಳೆದುಕೊಳ್ಳುತ್ತಿದ್ದಳು. ಗಂಡ ಎರ್ರಣ್ಣ ಭತ್ತ ಕೊಯ್ಯುವ ಮಿಷಿನ್ನಿನ ಜೊತೆ ತೆಲಂಗಾಣದ ಕಡೆ ಹೋಗಿದ್ದ. ಅನುಷಾ ಬಾಗಿಲ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು, ಶಾಕೀರನನ್ನು ಕಂಡರೂ ಎದ್ದು ಬರಲಿಲ್ಲ. ಶಾಕೀರ್ ಕಟ್ಟೆಯ ಮೇಲೆ ಕೂತು, ನೀರು ಬೇಡವೆಂದು, ನೆಲ ನೋಡುತ್ತ ಎಲ್ಲವನ್ನೂ ಹೇಳಿದ. ಹೇಳುವುದೇನೂ ಬಹಳ ಇರಲಿಲ್ಲ. ಮೂರು ದಿನ ಬೆಟ್ಟದಷ್ಟಾಗಿ ಕಂಡದ್ದು ನಾಲ್ಕು ಮಾತಿನಲ್ಲಿ ಮುಗಿಯಿತು.

ಹುಲುಗಮ್ಮ ಚೊಂಬು ಕೆಳಗಿಟ್ಟಳು. "ಅಂದ್ರ ಆ ತೊಂಬತ್ತಾರು ನಮ್ಮಾಕಿದಲ್ಲ?"

"ಅಲ್ಲ."

"ಆಕಿ ತುಟಿ ಸರಿ ಇಲ್ಲ?"

"ಇಲ್ಲ ಹುಲುಗಮ್ಮ. ತಪ್ಪು ನಂದು."

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ಯಾರೋ ನಗುನಗುತ್ತ ಕಟ್ಟಿರಬೇಕು. ಹುಲುಗಮ್ಮನನ್ನು ಆಗ ನೋಡಿದ್ದರೆ ಆ ಗಾದೆ ಅವರ ಬಾಯಿಗೆ ಬರುತ್ತಿರಲಿಲ್ಲ. "ಯಾಕ ಮಾಡಿದಿ ಅಣ್ಣ?" ಎಂದಳು. "ನಾ ಕೇಳಿದ್ನೇನು? ನನ್ನ ಮಗಳು ಇದ್ದಂಗ ಇದ್ರ ನಿನ್ನ ಕಣ್ಣಿಗೂ ನೋಡಾಕ ಆಗ್ಲಿಲ್ಲೇನು?"

ಅವಳು ಕೂಗಾಡಿದ್ದರೆ, ಓಣಿಯವರನ್ನು ಕೂಡಿಸಿ ಮರ್ಯಾದೆ ತೆಗೆದಿದ್ದರೆ ಶಾಕೀರನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಅದಾವುದನ್ನೂ ಮಾಡದೆ ಮೂಲೆಯಲ್ಲಿದ್ದ ಮಗಳ ಕಡೆ ನೋಡುತ್ತ ನಿಂತಳು. ಆಮೇಲೆ ತನ್ನಷ್ಟಕ್ಕೆ ಮಾತಾಡುವವಳ ಹಾಗೆ ಶುರು ಮಾಡಿದಳು.

"ನಾಕು ದಿನದಿಂದ ಹೊಡದೀನಿ ಅಣ್ಣ ಆಕಿನ್ನ. ಮಿಷಿನ್ನು ಸರಿ ಐತಿ ಅಂತ ಹೇಳೈತಿ, ಡಾಕ್ಟ್ರು ಸರಿ ಐತಿ ಅಂದಾರ. ಮತ್ತೂ ಗಂಜಿ ಸೋರಸ್ತಾಳ ಅಂದ್ರ ಹಟ ಅಂತ ತಿಳ್ಕೊಂಡೆ. ತುಟಿ ಬಿಗಿ ಹಿಡಿ, ಹಿಡಿ ಅಂತೀನಿ, ಹಿಡಿಯಂಗಿಲ್ಲ. ಸೋರಿದಾಗೊಮ್ಮೆ ಏಟು. ಇವತ್ತು ಮಧ್ಯಾಹ್ನ ಉಣ್ಣಾಕs ಒಲ್ಲೆ ಅಂದಾಳ, ಅಲ್ಲಿ ಹೋಗಿ ಕುಂತಾಳ ನೋಡು."

ತನ್ನ ಕೈ ಆ ಹುಡುಗಿಯ ಫೋಟೋವನ್ನಷ್ಟೇ ಮುಟ್ಟಿದೆ ಎಂದು ಶಾಕೀರ್ ತಿಳಿದಿದ್ದ. ಅದು ಶುಕ್ರವಾರದಿಂದ ಈ ಮನೆಯಲ್ಲಿ ಹೊತ್ತುಹೊತ್ತಿಗೆ ಅವಳ ಬೆನ್ನಿನ ಮೇಲೆ ಬೀಳುತ್ತ ಬಂದಿತ್ತು. ಅಟ್ಟ ಮೇಲೆ ಒಲೆ ಉರಿದರೆ ಯಾರಿಗೆ ಉಪಯೋಗ! ಹುಲುಗಮ್ಮ ಮಗಳ ಹತ್ತಿರ ಹೋಗಿ ಕೂತು ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ನಾಳೆ ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಅಲ್ಲಿಂದಲೇ ಕೇಳಿದಳು.

ಮಂಗಳವಾರ ಎಂಟಕ್ಕೆ ಮುಂಚೆಯೇ ಮೂವರೂ ಬಳ್ಳಾರಿಯ ಆಸ್ಪತ್ರೆಯಲ್ಲಿದ್ದರು. ಅಳತೆ ಮಾಡುವವನು ಚನ್ನಬಸವ ಎಂಬ ತರುಣ. ವಿಷಯವೆಲ್ಲ ಅವನಿಗೆ ಆಗಲೇ ಗೊತ್ತಾಗಿತ್ತು. ಶಾಕೀರನ ಮುಖವನ್ನು ಒಮ್ಮೆ ನೋಡಿ ಮತ್ತೆ ನೋಡಲಿಲ್ಲ. ಅನುಷಾಳನ್ನು ಬಿಳಿ ಬಟ್ಟೆಯ ಮುಂದೆ ಕೂರಿಸಿ ಹೊಸದಾಗಿ ಫೋಟೋ ತೆಗೆದ. ಪರದೆಯ ಮೇಲೆ ಚುಕ್ಕಿಗಳು ಒಂದೊಂದಾಗಿ ಬಂದು ಕೂತವು. ಬಲ ತುಟಿಯ ಎತ್ತರ ಹನ್ನೊಂದು ಮಿಲಿಮೀಟರ್, ಎಡದ್ದು ಎಂಟು. ಎಡ ಹೊಳ್ಳೆ ಬಲದ್ದಕ್ಕಿಂತ ಮೂರು ಮಿಲಿಮೀಟರ್ ಅಗಲ. ಒಟ್ಟು ಅರವತ್ತೊಂಬತ್ತು. ಮೂರು ಮಿಲಿಮೀಟರ್ ಅಂದರೆ ಎಷ್ಟು, ಜೋಳದ ಒಂದು ಕಾಳಿನಷ್ಟಿಲ್ಲ.

"ಎಂಬತ್ತಕ್ಕಿಂತ ಕಮ್ಮಿ ಐತಲ್ರಿ, ಹಂಗಾದ್ರ ಮಾಡ್ತೀರಲ್ಲ?" ಎಂದು ಹುಲುಗಮ್ಮ ಆಸೆಯಿಂದ ಕೇಳಿದಳು. ಮಗಳಿಗೆ ಕಡಿಮೆ ಅಂಕ ಬಂತೆಂದು ಇಷ್ಟು ಸಮಾಧಾನಪಟ್ಟ ತಾಯಿಯನ್ನು ಶಾಕೀರ್ ಕಂಡಿರಲಿಲ್ಲ. ಚನ್ನಬಸವ ಅಂಕಿ ಬರೆದ ಹಾಳೆ ಕೊಟ್ಟು ಡಾಕ್ಟರ ಕೋಣೆ ತೋರಿಸಿದ.

ಡಾಕ್ಟರು ವಯಸ್ಸಾದವರು, ಆ ಆಸ್ಪತ್ರೆಯವರೇ. ಅನುಷಾಳ ತುಟಿಯನ್ನು ಎರಡು ಬೆರಳಿನಲ್ಲಿ ಹಿಡಿದು ಅತ್ತಿತ್ತ ಮಾಡಿ ನೋಡಿದರು. ಲೋಟದಲ್ಲಿ ನೀರು ಕುಡಿಯುವ ಹಾಗೆ ಸುಮ್ಮನೆ ಬಾಯಿ ಮಾಡಲು ಹೇಳಿ ನೋಡಿದರು.

"ಮಾಡಲೇಬೇಕಮ್ಮ, ಅನುಮಾನವೇ ಇಲ್ಲ. ಒಳಗಿನ ಮಾಂಸವೇ ಸರಿಯಾಗಿ ಕೂಡಿಲ್ಲ, ಬಿಚ್ಚಿ ಮತ್ತೆ ಹೊಲಿಯಬೇಕು. ಇದು ನಮ್ಮ ಕೈಲಿ ಆಗೋದಲ್ಲ, ಆ ತಂಡದವರೇ ಮಾಡಬೇಕು. ಆದರೆ ಜಾಗ ಇಲ್ಲ" ಎಂದರು.

"ಒಂದು ಸಣ್ಣ ಕೂಸಿಗೆ ಜಾಗ ಇಲ್ಲೇನ್ರಿ?"

"ಶನಿವಾರ ಒಂದು ಮಗುವಿಗೆ ಜ್ವರ ಬಂದು ಒಂದು ಜಾಗ ತೆರವಾಗಿತ್ತು. ಭಾನುವಾರದವರೆಗೂ ಕಾದು, ಪಟ್ಟಿಯಲ್ಲಿ ಮುಂದಿನವನು ಕೊಳಗಲ್ಲಿನ ಹುಡುಗ, ಅವನಿಗೆ ಕೊಟ್ಟುಬಿಟ್ಟೆವು. ಅಂಕ ಎಪ್ಪತ್ತೆಂಟು ಇತ್ತು ಅವನದು. ಇವಳದು ಅರವತ್ತೊಂಬತ್ತು. ಶನಿವಾರ ಬಂದಿದ್ದರೆ ಇವಳೇ ಮೊದಲಾಗುತ್ತಿದ್ದಳು. ಈಗ ಆ ಹುಡುಗನಿಗೆ ರಕ್ತಪರೀಕ್ಷೆ ಎಲ್ಲ ಮುಗಿದಿದೆ, ಮಧ್ಯಾಹ್ನ ಒಳಗೆ ಕರೆದುಕೊಳ್ಳುತ್ತಾರೆ."

ಹುಲುಗಮ್ಮ ನಿಧಾನವಾಗಿ ಶಾಕೀರನ ಕಡೆ ತಿರುಗಿದಳು. "ಸಕ್ರಿ ಕೊಟ್ಟಿದ್ದು ಶುಕ್ರವಾರ" ಎಂದಳು. "ಅವತ್ತs ನಿನಗ ಗೊತ್ತಾಗಿತ್ತೇನಣ್ಣ?"

ಸುಳ್ಳು ಹೇಳಬಹುದಿತ್ತು. ಶಾಕೀರ್ ಹೇಳಲಿಲ್ಲ. "ಗೊತ್ತಾಗಿತ್ತು" ಎಂದ.

ಅವಳು ಮಗಳನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು. ಡಾಕ್ಟರೇ ಮುಂದುವರಿಸಿದರು. ಮುಂದಿನ ತಂಡ ಬರುವುದು ಬರುವ ವರ್ಷದ ಫೆಬ್ರವರಿಗೆ. ಹುಬ್ಬಳ್ಳಿಗೆ ಬರೆದುಕೊಡುತ್ತೇನೆ, ಅಲ್ಲಿಯೂ ಹತ್ತು ತಿಂಗಳ ಸರದಿ ಇದೆ ಎಂದರು. ಶಾಕೀರ್ ಕೈ ಮುಗಿದ, ಕಾಲು ಹಿಡಿಯಲು ಬಗ್ಗಿದ. ಡಾಕ್ಟರು ಕುರ್ಚಿ ಹಿಂದಕ್ಕೆ ಸರಿಸಿಕೊಂಡು, "ನನ್ನ ಕಾಲು ಹಿಡಿದರೆ ಒಂದು ದಿನದಲ್ಲಿ ಎಂಟು ಆಪರೇಷನ್ ಒಂಬತ್ತಾಗುವುದಿಲ್ಲ ಸಾಹೇಬರೇ. ಬೇಕಿದ್ದರೆ ಸಂಜೆಯವರೆಗೆ ಕೂತಿರಿ. ಯಾರಿಗಾದರೂ ಆಗದೆ ಹೋದರೆ ಕರೆಯುತ್ತೇನೆ. ಮಗುವಿಗೆ ಮಾತ್ರ ಏನೂ ಕೊಡಬೇಡಿ" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ, ಅವರಿಗೂ ಬೇಸರವಾಗಿತ್ತು.

ಅವರು ಕೂತರು. ಎದುರಿನ ಬೆಂಚಿನಲ್ಲಿ ಕೊಳಗಲ್ಲಿನ ಹುಡುಗ ತಾಯಿಯ ತೊಡೆಯ ಮೇಲೆ ಹಸಿರು ಗೌನು ತೊಟ್ಟು ಮಲಗಿದ್ದ. ಅವನ ತುಟಿಯೂ ಸೊಟ್ಟಗಿತ್ತು, ಸ್ವಲ್ಪವೇ ಸ್ವಲ್ಪ. ಶಾಕೀರ್ ಆ ಹುಡುಗನನ್ನು ನೋಡುತ್ತ, ಇವನಿಗೆ ಒಂದು ಕೆಮ್ಮು ಬರಲಿ, ಮೈ ಬಿಸಿಯಾಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಮರುಗಳಿಗೆಗೆ ತೌಬಾ ತೌಬಾ ಎಂದು ಗಲ್ಲ ಬಡಿದುಕೊಂಡ. ತಾನು ಎಂಥ ಮನುಷ್ಯ ಎಂದು ಅವನಿಗೆ ಆ ಬೆಂಚಿನ ಮೇಲೆ ತಿಳಿಯುತ್ತ ಹೋಯಿತು.

ಹತ್ತು ಗಂಟೆಗೆ ಅನುಷಾ ಹಸಿವು ಎಂದಳು. ಹನ್ನೊಂದಕ್ಕೆ ನೀರು ಕೇಳಿದಳು. ಹುಲುಗಮ್ಮ ಕಥೆ ಹೇಳಿದಳು, ಕಿಟಕಿಯಿಂದ ಗುಡ್ಡ ತೋರಿಸಿದಳು, ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಎತ್ತಿಕೊಂಡು ತಿರುಗಿದಳು. ಒಂದೂವರೆಗೆ ಕೊಳಗಲ್ಲಿನ ಹುಡುಗನನ್ನು ಒಳಗೆ ಕರೆದರು. ಹೋಗುವಾಗ ಅವನ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಹುಲುಗಮ್ಮನ ಕೈ ಹಿಡಿದು, "ಹೆದರಿಕಿ ಆಗ್ತೈತಿ ಅಕ್ಕ" ಎಂದಳು. "ಏನಾಗಂಗಿಲ್ಲ ಹೋಗವ್ವ, ನಮ್ಮಾಕಿಗೂ ಆಗಿತ್ತು ಸಣ್ಣಾಕಿದ್ದಾಗ" ಎಂದು ಹುಲುಗಮ್ಮನೇ ಸಮಾಧಾನ ಹೇಳಿದಳು. ಬಾಗಿಲು ಮುಚ್ಚಿತು.

ಮೂರೂವರೆಗೆ ಕೊನೆಯ ಮಗುವೂ ಒಳಗೆ ಹೋಯಿತು. ನರ್ಸು ಬಂದು, ಇನ್ನು ಯಾರನ್ನೂ ಕರೆಯುವುದಿಲ್ಲ, ಮಗುವಿಗೆ ಏನಾದರೂ ಕೊಡಿ ಎಂದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅದನ್ನು ಶಾಕೀರ್ ಮಾತಿಗೆ ಎಷ್ಟೋ ಸಲ ಹೇಳಿದ್ದ. ಅವತ್ತಿನ ನಂತರ ಆ ಮಾತನ್ನು ಅವನು ಯಾವತ್ತೂ ಆಡಲಿಲ್ಲ.

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಆ ಹೊತ್ತಿಗೆ ಬಿಸಿ ಹಾಲು ಮತ್ತು ಬನ್ನು ಮಾತ್ರ ಉಳಿದಿದ್ದವು. ಶಾಕೀರ್ ತಂದು ಮೇಜಿನ ಮೇಲಿಟ್ಟ. ಅನುಷಾ ಹಿಂದಿನ ಸಂಜೆ ತಾಯಿ ರಮಿಸಿ ಉಣ್ಣಿಸಿದ ನಾಲ್ಕು ತುತ್ತಿನ ಮೇಲೆ ಇದ್ದವಳು. ಹಾಲಿನ ಲೋಟವನ್ನು ಎರಡು ಕೈಯಲ್ಲೂ ಹಿಡಿದು ಒಂದೇ ಸಮನೆ ಕುಡಿಯತೊಡಗಿದಳು. ಎಡ ಮೂಲೆಯಿಂದ ಹಾಲು ಇಳಿದು ಗದ್ದಕ್ಕೆ, ಗದ್ದದಿಂದ ಹೊಸ ಫ್ರಾಕಿನ ಮೇಲೆ ಬಿತ್ತು. ಶಾಕೀರ್ ಒರೆಸೋಣವೆಂದು ಜೇಬಿನಿಂದ ಕರ್ಚೀಫ್ ತೆಗೆದು ಕೈ ಮುಂದೆ ಮಾಡಿದ.

ಕೈ ಹತ್ತಿರ ಬಂದದ್ದೇ ಹುಡುಗಿ ಲೋಟ ಬಿಟ್ಟು, ತಲೆ ಬಗ್ಗಿಸಿ, ಎರಡು ಮೊಣಕೈಗಳಲ್ಲಿ ಮುಖ ಮುಚ್ಚಿಕೊಂಡಳು. ಒಳಗಿನಿಂದ ಅವಳ ದನಿ ಕೇಳಿತು: "ಇನ್ನ ಸೋರ್ಸಂಗಿಲ್ಲ ಮಾಮಾ. ಬಿಗಿ ಹಿಡೀತೀನಿ."

ಶಾಕೀರನ ಕೈ ಅಲ್ಲೇ ನಿಂತಿತು. ಅದನ್ನು ಮುಂದೆ ಚಾಚಲೂ ಆಗಲಿಲ್ಲ, ಹಿಂದಕ್ಕೆ ತೆಗೆದುಕೊಳ್ಳಲೂ ಆಗಲಿಲ್ಲ. ಹುಲುಗಮ್ಮ ಮೇಜಿನ ಆ ಕಡೆಯಿಂದ ಎದ್ದು ಬಂದು, ಉರುಳಿದ್ದ ಲೋಟ ಎತ್ತಿ, ಅದರಲ್ಲಿ ಉಳಿದಿದ್ದ ಹಾಲನ್ನು ಮಗಳ ಬಾಯಿಗೆ ತಾನೇ ಹಿಡಿದಳು.

"ಸೋರ್ಲಿ ಬಿಡವ್ವ" ಎಂದಳು. "ಸೋರ್ಲಿ. ಕುಡಿ."